‘100 ಎಂಬಿಪಿಎಸ್’ ಅಂತಾರ, ಆದ್ರ ನೆಟ್ ಯಾಕ ತಿರಗತೈತಿ? ಚಿಕ್ಕೋಡಿಯಿಂದ ಕಾಗವಾಡದವರೆಗೆ ವೇಗದ ಲೆಕ್ಕಾಚಾರ

ಚಿಕ್ಕೋಡಿ: ಸಂಜೆ ಏಳೂವರೆ ಹೊತ್ತು. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ನಾಲ್ಕೈದು ಮಂದಿ. ಗಿರಾಕಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ಮೊಬೈಲ್ ಎತ್ತಿ ಹಿಡಿದಿದ್ದಾರೆ. ಪರದೆ ಮೇಲೆ ಚಕ್ರ ತಿರುಗುತ್ತಲೇ ಇದೆ. ‘ರೊಕ್ಕ ಕಟ್ ಆಗೇತ್ರಿ’ ಎಂದು ಅವರು, ‘ನಮ್ಮ ಬಾಕ್ಸ್ ಇನ್ನೂ ಒದರಿಲ್ರಿ’ ಎಂದು ಅಂಗಡಿಯವರು. ಹಿಂದೆ ನಿಂತ ಒಬ್ಬರು ಸಾಮಾನು ಅಲ್ಲೇ ಇಟ್ಟು ಮುಂದಿನ ಅಂಗಡಿಗೆ ನಡೆದರು. ಅದೇ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ 100 ಎಂಬಿಪಿಎಸ್ ಫೈಬರ್ ರೌಟರ್ ಹಸಿರು ದೀಪ ಮಿಣುಕಿಸುತ್ತ ಕೂತಿರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪೇಟೆಗಳಲ್ಲಿ ಈ ನೋಟ ಹೊಸದಲ್ಲ. ತಿಂಗಳಿಗೆ ಐನೂರು, ಆರುನೂರು ರೂಪಾಯಿ ಫೈಬರ್‌ಗೆ, ಮೇಲೆ ಮನೆಯವರೆಲ್ಲರ ಮೊಬೈಲ್ ರೀಚಾರ್ಜ್. ಇಷ್ಟು ರೊಕ್ಕ ಹೋದರೂ ‘ನೆಟ್ ಬರವಲ್ದು’ ಎನ್ನುವ ಮಾತು ನಿಂತಿಲ್ಲ. ಕಂಪನಿಯವರನ್ನು ಕೇಳಿದರೆ ‘ನಮ್ಮ ಕಡೆಯಿಂದ ಫುಲ್ ಸ್ಪೀಡ್ ಐತಿ’ ಎಂಬ ಉತ್ತರ. ಬಹಳಷ್ಟು ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ, ಇಬ್ಬರೂ ಬೇರೆ ಬೇರೆ ಜಾಗದಲ್ಲಿ ಅಳೆಯುತ್ತಿರುತ್ತಾರೆ ಅಷ್ಟೇ.

ಕ್ವಿಂಟಲ್ ಯಾವುದು, ಟನ್ ಯಾವುದು

ಮೊದಲ ಗೊಂದಲ ಅಳತೆಯದ್ದು. ಕಬ್ಬು ಕಳಿಸುವವರಿಗೆ ಕ್ವಿಂಟಲ್ ಮತ್ತು ಟನ್ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಇಂಟರ್ನೆಟ್‌ನಲ್ಲೂ ಹಾಗೇ ಎರಡು ಮಾಪು ಇವೆ. ಕಂಪನಿ ಮಾರುವುದು ಮೆಗಾಬಿಟ್ ಲೆಕ್ಕದಲ್ಲಿ, ಫೋನ್ ಮತ್ತು ಕಂಪ್ಯೂಟರ್ ಫೈಲ್ ತೋರಿಸುವುದು ಮೆಗಾಬೈಟ್ ಲೆಕ್ಕದಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹೀಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸಿನಿಮಾ ಇಳಿಸಿಕೊಳ್ಳುವಾಗ ಪರದೆ ಮೇಲೆ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಎಂಬಿ ಕಾಣುತ್ತದೆ. ‘ನೂರು ಹೇಳಿ ಹನ್ನೆರಡು ಕೊಟ್ರು’ ಎಂದು ಜಗಳಕ್ಕೆ ಹೋದವರು ಇಲ್ಲೇ ಎಡವಿರುತ್ತಾರೆ. 1 ಜಿಬಿ ಫೈಲ್ 100 ಎಂಬಿಪಿಎಸ್‌ನಲ್ಲಿ ಸುಮಾರು 80 ಸೆಕೆಂಡ್ ಹಿಡಿಯುತ್ತದೆ, 50ರಲ್ಲಿ 160 ಸೆಕೆಂಡ್.

ದಿನದ ಡೇಟಾ ಮುಗಿದ ಮೇಲೆ ‘ಅನ್‌ಲಿಮಿಟೆಡ್’ ಎಂದು ಮುಂದುವರಿಯುವ ವೇಗವೂ ಇದೇ ಲೆಕ್ಕದ್ದು. ಹಲವು ಪ್ರೀಪೇಯ್ಡ್ ಪ್ಲಾನ್‌ಗಳಲ್ಲಿ ಅದು 64 ಕೆಬಿಪಿಎಸ್. ಅಂದ್ರೆ ಸೆಕೆಂಡಿಗೆ 8 ಕಿಲೋಬೈಟ್. ವಾಟ್ಸ್‌ಆ್ಯಪ್‌ನಲ್ಲಿ ಬಂದ 1 ಎಂಬಿ ಫೋಟೊ ತೆರೆಯಲು ಎರಡು ನಿಮಿಷದ ಮೇಲೆ ಬೇಕು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂದು ವ್ಯಾಖ್ಯೆ ಬದಲಿಸಿತು. ಅದಕ್ಕೂ ಮೊದಲು 512 ಕೆಬಿಪಿಎಸ್ ಇದ್ದರೆ ಸಾಕಿತ್ತು. ಕೋಟಾ ಮುಗಿದ ಮೊಬೈಲ್ ಆ ಹಳೇ ಗೆರೆಯನ್ನೂ ಮುಟ್ಟುವುದಿಲ್ಲ.

ಫೈಬರ್ ಪ್ಲಾನ್‌ಗಳ ‘ಅನ್‌ಲಿಮಿಟೆಡ್’ಗೂ ಮಿತಿ ಇದೆ. ದೊಡ್ಡ ಕಂಪನಿಗಳ ಮನೆ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ. ಒಂದು ಕುಟುಂಬಕ್ಕೆ ಇದು ಮುಗಿಯುವ ಮಾತಲ್ಲ, ತಲೆಕೆಡಿಸಿಕೊಳ್ಳುವುದು ಬೇಡ. ಬೆಲೆ ಕೇಳುವಾಗ ಮಾತ್ರ ಜಿಎಸ್‌ಟಿ ಸೇರಿದೆಯೇ ಎಂದು ಕೇಳಬೇಕು. ಜಾಹೀರಾತಿನ 499 ರೂಪಾಯಿ ಶೇ 18ರ ತೆರಿಗೆ ಸೇರಿದರೆ 589 ಆಗುತ್ತದೆ.

ಅಂಗಡಿ ಫೈಬರ್, ಗಿರಾಕಿ ಸಿಮ್

ಈಗ ಮತ್ತೆ ಗಲ್ಲಾಪೆಟ್ಟಿಗೆಗೆ ಬರೋಣ. ಒಂದು ಯುಪಿಐ ಪಾವತಿಗೆ ಬೇಕಾಗುವ ಡೇಟಾ ಬಹಳ ಸಣ್ಣದು, ಒಂದು ಫೋಟೊಕ್ಕಿಂತ ಎಷ್ಟೋ ಕಡಿಮೆ. ಅದಕ್ಕೆ 100 ಎಂಬಿಪಿಎಸ್ ಬೇಡ, 1 ಎಂಬಿಪಿಎಸ್ ಕೂಡ ಹೆಚ್ಚೇ. ಹಾಗಾದರೆ ಚಕ್ರ ಯಾಕೆ ತಿರುಗುತ್ತದೆ?

ಗಿರಾಕಿಯ ಫೋನ್ ಅಂಗಡಿಯ ಫೈಬರ್ ಬಳಸುತ್ತಿಲ್ಲ, ತನ್ನ ಸಿಮ್ ಬಳಸುತ್ತಿದೆ. ಅಂಗಡಿಯ ಸೌಂಡ್‌ಬಾಕ್ಸ್ ಸಹ ಸಾಮಾನ್ಯವಾಗಿ ತನ್ನೊಳಗಿನ ಪ್ರತ್ಯೇಕ ಸಿಮ್‌ನಿಂದ ನಡೆಯುತ್ತದೆ. ನಡುವೆ ಗಿರಾಕಿಯ ಆ್ಯಪ್, ಎನ್‌ಪಿಸಿಐ, ಗಿರಾಕಿಯ ಬ್ಯಾಂಕ್, ಅಂಗಡಿಯವರ ಬ್ಯಾಂಕ್ ಇವೆಲ್ಲ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ ಉತ್ತರ ಪಡೆಯಬೇಕು. ಎಲ್ಲೋ ಒಂದು ಕಡೆ ಉತ್ತರ ತಡವಾದರೂ ಇಡೀ ಸಾಲು ನಿಲ್ಲುತ್ತದೆ. ಗೋಡೆಗೆ ತಗಲಿಸಿದ ರೌಟರ್ ಈ ಇಡೀ ವ್ಯವಹಾರದಲ್ಲಿ ಪ್ರೇಕ್ಷಕ ಮಾತ್ರ.

ಇಲ್ಲಿ ಲೆಕ್ಕಕ್ಕೆ ಬರುವುದು ಎಂಬಿಪಿಎಸ್ ಅಲ್ಲ, ‘ಪಿಂಗ್’. ಫೋನ್ ಒಂದು ಪ್ರಶ್ನೆ ಕಳಿಸಿ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಎನ್ನುವ ಅಳತೆ. ಊರಿನ ಪೈಪ್‌ಲೈನ್ ನೆನೆಸಿಕೊಂಡರೆ, ಎಂಬಿಪಿಎಸ್ ಅಂದ್ರೆ ಪೈಪು ಎಷ್ಟು ದಪ್ಪ ಎಂಬುದು. ಪಿಂಗ್ ಅಂದ್ರೆ ವಾಲ್ವ್ ತಿರುವಿದ ಮೇಲೆ ಮೊದಲ ಹನಿ ಬರಲು ಹಿಡಿದ ಹೊತ್ತು. ಪೈಪು ದಪ್ಪ ಇದ್ದ ಮಾತ್ರಕ್ಕೆ ಹನಿ ಬೇಗ ಬರಬೇಕೆಂದಿಲ್ಲ. ಫೈಬರ್‌ನಲ್ಲಿ ಪಿಂಗ್ 20–40 ಇದ್ದರೆ ಚಲೋ, ಮೊಬೈಲ್‌ನಲ್ಲಿ 50–80 ಇದ್ದರೂ ಕೆಲಸ ನಡೆಯುತ್ತದೆ. 300, 400 ದಾಟಿದರೆ ಅಥವಾ ಒಂದು ಸಲ 40 ಮರುಗಳಿಗೆ 600 ಎಂದು ಕುಣಿದರೆ ವಿಡಿಯೊ ಕರೆ ಒಡೆಯುತ್ತದೆ, ಪಾವತಿ ನಡುದಾರಿಯಲ್ಲಿ ನಿಲ್ಲುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿ ಮೂರು ಸಲ ಹೆಬ್ಬೆಟ್ಟು ಒತ್ತಿದರೂ ಯಂತ್ರ ಒಪ್ಪದಿರುವುದಕ್ಕೆ ಬೆರಳಿನ ಗೆರೆ ಸವೆದಿರುವುದು ಒಂದು ಕಾರಣವಾದರೆ, ಉತ್ತರ ಬರುವ ಮೊದಲೇ ಹೊತ್ತು ಮೀರುವುದು ಇನ್ನೊಂದು.

ಅಂಗಡಿಯವರು ಮಾಡಬಹುದಾದ ಅಗ್ಗದ ಉಪಾಯ ಒಂದಿದೆ. ಬಹುತೇಕ ರೌಟರ್‌ಗಳಲ್ಲಿ ‘ಗೆಸ್ಟ್ ವೈಫೈ’ ಎಂಬ ಆಯ್ಕೆ ಇರುತ್ತದೆ. ಅದನ್ನು ಬೇರೆ ಪಾಸ್‌ವರ್ಡ್ ಜೊತೆ ತೆರೆದಿಟ್ಟರೆ, ಸಿಮ್ ಕೈಕೊಟ್ಟ ಗಿರಾಕಿ ಎರಡು ನಿಮಿಷ ಅಂಗಡಿ ನೆಟ್ ಹಿಡಿದು ಪಾವತಿ ಮುಗಿಸಬಹುದು. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್, ಕ್ಯಾಮೆರಾ ಇರುವ ಮುಖ್ಯ ವೈಫೈ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬಾರದು. ಸಣ್ಣ ಮೊತ್ತಕ್ಕೆ ಯುಪಿಐ ಲೈಟ್ ಇದೆ. ಪಿನ್ ಬೇಡ, ಪ್ರತಿ ಸಲ ಬ್ಯಾಂಕಿನ ಮುಖ್ಯ ಸರ್ವರ್ ಬಾಗಿಲು ತಟ್ಟುವುದೂ ಬೇಡ, ಹಾಗಾಗಿ ಚಹಾ, ಬಿಸ್ಕಿಟ್ ಲೆಕ್ಕ ಬೇಗ ಮುಗಿಯುತ್ತದೆ. ಇಂಟರ್ನೆಟ್ ಇಲ್ಲದ ಫೋನ್‌ಗೆ *99# ಇನ್ನೂ ಇದೆ, ಬಳಸುವವರು ಕಡಿಮೆ.

ರೊಕ್ಕ ಕಟ್ಟಾಗಿ ಅಂಗಡಿಗೆ ಬರದಿದ್ದರೆ? ಈ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲೇ ಗಡುವು ಹಾಕಿದೆ. ಅಂಗಡಿಗೆ ಮಾಡಿದ ಪಾವತಿ ಖಚಿತವಾಗದಿದ್ದರೆ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ವಾಪಸ್ ಆಗಬೇಕು. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ್ದಾದರೆ ಮರುದಿನದೊಳಗೆ. ಅದು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಾಗಾಗಿ ಗಲ್ಲಾಪೆಟ್ಟಿಗೆ ಮುಂದೆ ಜಗಳಕ್ಕಿಂತ ಇಬ್ಬರೂ ವ್ಯವಹಾರ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಮೇಲು.

ಕಲ್ಲಿನ ಗೋಡೆ, ಪತ್ರಾದ ಶೆಡ್ಡು

ಫೈಬರ್ ಸಂಪರ್ಕದ ವೇಗ ಕಂಪನಿಯಿಂದ ಮನೆಯ ಪೆಟ್ಟಿಗೆವರೆಗೆ ಸರಿ ಬಂದರೂ, ಅಲ್ಲಿಂದ ಕೈಯಲ್ಲಿರುವ ಫೋನ್‌ವರೆಗಿನ ಇಪ್ಪತ್ತು ಅಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಬಹುದು. ವೈಫೈಗೆ ಎರಡು ದಾರಿ. 2.4 ಗಿಗಾಹರ್ಟ್ಸ್ ಎಂಬುದು ದೂರ ಹೋಗುತ್ತದೆ, ಆದರೆ ಪೇಟೆಯಲ್ಲಿ ಅಕ್ಕಪಕ್ಕದ ಹತ್ತು ಅಂಗಡಿಯ ರೌಟರ್‌ಗಳು ಅದೇ ದಾರಿಯಲ್ಲಿ ಗದ್ದಲ ಹಾಕುತ್ತಿರುತ್ತವೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟಲು ಸೋಲುತ್ತದೆ. ಇದಕ್ಕೂ ಮೊಬೈಲ್‌ನ 5ಜಿಗೂ ಸಂಬಂಧವಿಲ್ಲ, ಹೆಸರು ನೋಡಿ ಮೋಸ ಹೋಗುವವರು ಬಹಳ.

ಈ ಭಾಗದ ಹಳೇ ಮನೆಗಳ ಕಲ್ಲಿನ ಗೋಡೆ ಎರಡಡಿ ದಪ್ಪ ಇರುವುದುಂಟು. ಗೋದಾಮುಗಳಿಗೆ ಪತ್ರಾ ಹೊದಿಕೆ. ಎರಡೂ ವೈಫೈಗೆ ಶತ್ರು. ಕೇಬಲ್‌ನವರು ತಂತಿ ಉಳಿಸಲು ಬಾಗಿಲ ಹತ್ತಿರವೇ ರೌಟರ್ ತಗಲಿಸಿ ಹೋಗುತ್ತಾರೆ, ಒಳಕೋಣೆಯಲ್ಲಿ ಓದುವ ಹುಡುಗಿಗೆ ಎರಡು ಗೆರೆ ಬಂದರೆ ಪುಣ್ಯ. ರೌಟರ್ ಮನೆಯ ನಡುವೆ, ತಲೆಮಟ್ಟಕ್ಕಿಂತ ಮೇಲೆ, ತಿಜೋರಿ–ಫ್ರಿಜ್‌ನಿಂದ ದೂರ ಇರುವಂತೆ ಹಾಕಿಸುವ ಹಟ ಮೊದಲ ದಿನವೇ ಮಾಡಬೇಕು. ಆಮೇಲೆ ಅವರು ಫೋನ್ ಎತ್ತುವುದಿಲ್ಲ.

ದುಡ್ಡು ಸುಮ್ಮನೆ ಹೋಗುವ ಇನ್ನೊಂದು ಜಾಗವಿದೆ. ಹಳೇ ರೌಟರ್‌ಗಳ ತಂತಿ ಕಿಂಡಿ 100 ಎಂಬಿಪಿಎಸ್‌ಗೇ ಸೀಮಿತ. ಅದರ ಮೇಲೆ 200 ಅಥವಾ 300ರ ಪ್ಲಾನ್ ಹಾಕಿಸಿದರೆ ಬಿಲ್ ಮಾತ್ರ ಏರುತ್ತದೆ. ಅಂಗಡಿಗೆ ಅಷ್ಟು ಬೇಕೇ ಎಂಬುದೂ ಪ್ರಶ್ನೆ. ಒಳ್ಳೆ ಸ್ಪಷ್ಟತೆಯ ವಿಡಿಯೊಗೆ 5 ಎಂಬಿಪಿಎಸ್, 4ಕೆ ಟಿವಿಗೆ 15ರಿಂದ 20 ಸಾಕು. ಅಪ್ಪ ಟಿವಿ, ಮಗ ಮೊಬೈಲ್, ಮಗಳು ಆನ್‌ಲೈನ್ ಕ್ಲಾಸ್ ಇರುವ ಮನೆ 40–50 ಎಂಬಿಪಿಎಸ್‌ನಲ್ಲಿ ಆರಾಮಾಗಿ ನಡೆಯುತ್ತದೆ. ಆದರೆ ಸಿಸಿಟಿವಿ ಹಾಕಿದ ಅಂಗಡಿಯವರು ನೋಡಬೇಕಾದದ್ದು ಅಪ್‌ಲೋಡ್ ವೇಗ. ನಾಲ್ಕು ಕ್ಯಾಮೆರಾ ತಲಾ 2 ಎಂಬಿಪಿಎಸ್‌ನಂತೆ ಚಿತ್ರ ಕಳಿಸಿದರೆ 8 ಎಂಬಿಪಿಎಸ್ ಸದಾ ಹೊರಗೆ ಹೋಗುತ್ತಿರುತ್ತದೆ. ಅಪ್‌ಲೋಡ್ ಕಿರಿದಾಗಿದ್ದರೆ ಡೌನ್‌ಲೋಡ್ ಎಷ್ಟೇ ಇದ್ದರೂ ಎಲ್ಲವೂ ಎಳೆದಾಡುತ್ತದೆ.

ಇನ್ನು ಫೈಬರ್ ಎಂದರೆ ಒಂದೇ ಮನೆಗೆ ಮೀಸಲಾದ ದಾರಿ ಎಂಬ ನಂಬಿಕೆ. ಹಾಗಲ್ಲ. ಸದ್ಯ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಕೇಂದ್ರದಿಂದ ಬರುವ ಒಂದು ಎಳೆ ಸುಮಾರು 2,500 ಎಂಬಿಪಿಎಸ್ ಹೊತ್ತು ಬಂದು, 32 ಅಥವಾ 64 ಮನೆಗೆ ಸೀಳಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ಪೂರ್ತಿ ಎಳೆದರೆ 32 ಮನೆಗೆ ತಲಾ 78ರಷ್ಟು ಸಿಗುತ್ತದೆ. ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪ. ನಿಜವಾದ ಇಕ್ಕಟ್ಟು ಅದರ ಹಿಂದಿರುತ್ತದೆ. ಸ್ಥಳೀಯ ಆಪರೇಟರ್ ಮೇಲಿನ ಕಂಪನಿಯಿಂದ ಒಟ್ಟು ಎಷ್ಟು ಬ್ಯಾಂಡ್‌ವಿಡ್ತ್ ಕೊಂಡಿದ್ದಾರೆ, ಅದನ್ನು ಎಷ್ಟು ಮನೆಗೆ ಹಂಚಿದ್ದಾರೆ ಎಂಬುದು. ಬೆಳಿಗ್ಗೆ 95 ತೋರಿಸುವ ಸಂಪರ್ಕ ಕ್ರಿಕೆಟ್ ಪಂದ್ಯದ ರಾತ್ರಿ 15ಕ್ಕೆ ಇಳಿದರೆ ರೌಟರ್ ಬದಲಿಸಿ ಪ್ರಯೋಜನವಿಲ್ಲ.

ಟವರ್ ಫುಲ್, ನೆಟ್ ನಿಲ್

ಮೊಬೈಲ್‌ನ ಕತೆ ಇನ್ನೂ ಬೇರೆ. ಫೋನ್ ಮೇಲಿನ ಕಡ್ಡಿಗಳು ಹೇಳುವುದು ಟವರ್‌ನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಆ ಟವರ್ ಹತ್ತಿರ ಎಷ್ಟು ಜನ ಕ್ಯೂ ನಿಂತಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಒಂದು ಟವರ್ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿರುತ್ತದೆ. 20 ಮೆಗಾಹರ್ಟ್ಸ್ ತರಂಗಾಂತರದ 4ಜಿ ಒಂದು ದಿಕ್ಕಿಗೆ ಪುಸ್ತಕದ ಲೆಕ್ಕದಲ್ಲಿ 150 ಎಂಬಿಪಿಎಸ್ ಕೊಡಬಲ್ಲದು, ನೆಲದ ಮೇಲೆ ಅದಕ್ಕಿಂತ ಸಾಕಷ್ಟು ಕಡಿಮೆ. ಆ ದಿಕ್ಕಿನಲ್ಲಿ ಅರವತ್ತು ಮಂದಿ ಒಟ್ಟಿಗೆ ವಿಡಿಯೊ ನೋಡಿದರೆ ಅಲ್ಲಿಗೆ ಮುಗಿಯಿತು.

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕಾದೇವಿ ಜಾತ್ರೆಗೆ ಹೋದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯಿಂದ ಲಕ್ಷಾಂತರ ಭಕ್ತರು ಸೇರುವಾಗ ಫೋನ್‌ನಲ್ಲಿ ಕಡ್ಡಿ ಪೂರ್ತಿ ಇದ್ದರೂ ಫೋಟೊ ಹೋಗುವುದಿಲ್ಲ. ಊರಿನ ಜನಸಂಖ್ಯೆಗೆ ಲೆಕ್ಕ ಹಾಕಿದ ಟವರ್ ಜಾತ್ರೆಯ ಜನಕ್ಕೆ ಸಾಲುವುದಿಲ್ಲ. ಸಂತೆಯ ದಿನ ಪೇಟೆಗಳಲ್ಲಿ ಆಗುವುದೂ ಇದರದ್ದೇ ಸಣ್ಣ ರೂಪ.

ಟವರ್ ಕಡೆ ಕತ್ತೆತ್ತಿ ನೋಡಿದರೂ ಒಂದು ಸುಳಿವು ಸಿಗುತ್ತದೆ. ಉದ್ದನೆಯ ಪಟ್ಟಿಗಳು ಫೋನ್‌ಗಳ ಜೊತೆ ಮಾತಾಡುವ ಆಂಟೆನಾ. ದುಂಡನೆಯ ಡೋಲಿನಂತಹವು ಮೈಕ್ರೋವೇವ್, ಅಂದರೆ ಆ ಟವರ್ ಇನ್ನೊಂದು ಟವರ್ ಜೊತೆ ಗಾಳಿಯಲ್ಲೇ ಸಂಪರ್ಕ ಇಟ್ಟುಕೊಂಡಿದೆ. ಹಿಂದಿನ ದಾರಿ ಫೈಬರ್ ಆಗಿದ್ದರೆ ಅಗಲ ಹೆಚ್ಚು. ಡೋಲಿನ ಮೇಲೆಯೇ ನಿಂತ ಹಳ್ಳಿ ಟವರ್‌ಗೆ 5ಜಿ ಪೆಟ್ಟಿಗೆ ಹಾಕಿದರೂ ಹಿಂದಿನ ದಾರಿ ಕಿರಿದಾಗಿರುವುದರಿಂದ ಲಾಭ ಅರ್ಧಮರ್ಧ.

ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. 2024ರ ಜುಲೈ ದರ ಏರಿಕೆ ನಂತರ ಜಿಯೋ, ಏರ್‌ಟೆಲ್ ಎರಡೂ ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಲಾನ್‌ಗಳಿಗೆ ಸೀಮಿತಗೊಳಿಸಿದವು. ಒಂದೂವರೆ ಜಿಬಿ ಪ್ಲಾನ್ ಹಾಕಿಸಿ ‘5ಜಿ ಫೋನ್ ತಗೊಂಡ್ರೂ ಉಪಯೋಗ ಇಲ್ಲ’ ಎನ್ನುವವರು ಮೊದಲು ರೀಚಾರ್ಜ್ ನೋಡಿಕೊಳ್ಳಬೇಕು. ದೂರದ ಟವರ್‌ನಿಂದ ಬರುವ ಬಡಕಲು 5ಜಿಗಿಂತ ಹತ್ತಿರದ ಗಟ್ಟಿ 4ಜಿ ಎಷ್ಟೋ ವಾಸಿ. ಮನೆಯೊಳಗೆ ನೆಟ್ ತೂಗಾಡಿದರೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಇಳಿಸಿ ನೋಡುವುದಕ್ಕೆ ಖರ್ಚಿಲ್ಲ.

ಬಿಎಸ್ಎನ್ಎಲ್ ಸ್ವದೇಶಿ 4ಜಿಯನ್ನು ಪ್ರಧಾನಿ 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡಾದಲ್ಲಿ ಉದ್ಘಾಟಿಸಿದರು. ದೇಶಾದ್ಯಂತ 97,500ರಷ್ಟು ಟವರ್‌ಗಳ ಲೆಕ್ಕ ಅದು. ಹಳೇ ಬಿಎಸ್ಎನ್ಎಲ್ ಸಿಮ್ 4ಜಿ ಸಿಮ್‌ಗೆ ಬದಲಾಗದೆ ಅದರ ಲಾಭ ಸಿಗುವುದಿಲ್ಲ.

ತೋಟದ ಮನೆಗಳದ್ದು ಪ್ರತ್ಯೇಕ ಸಂಕಟ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಊರಿಗಿಂತ ತೋಟಪಟ್ಟಿಯಲ್ಲಿ ಮನೆ ಕಟ್ಟಿಕೊಂಡ ಕುಟುಂಬಗಳು ಬಹಳ. ಎರಡು ಕಿಲೋಮೀಟರ್ ಕಂಬ ನೆಟ್ಟು ಒಂದು ಮನೆಗೆ ಫೈಬರ್ ಎಳೆಯಲು ಯಾವ ಆಪರೇಟರ್‌ಗೂ ಗಿಟ್ಟುವುದಿಲ್ಲ. ಸುತ್ತ ಆಳೆತ್ತರ ಮೀರಿದ ಹಸಿ ಕಬ್ಬು ನಿಂತಾಗ ತಗ್ಗಿನ ಮನೆಗೆ ಬರುವ ಸಿಗ್ನಲ್ ಸಹ ತುಸು ಕುಗ್ಗುತ್ತದೆ, ಎಲೆಯೊಳಗಿನ ನೀರು ತರಂಗ ಹೀರುತ್ತದೆ. ಇಂಥವರಿಗೆ ಚಾವಣಿ ಮೇಲೆ ಆಂಟೆನಾ ಇಟ್ಟು 5ಜಿಯಿಂದ ವೈಫೈ ಕೊಡುವ ಏರ್‌ಫೈಬರ್ ಒಂದು ದಾರಿ. ಎರಡು ಎಚ್ಚರ: ಅದು ಹೆಸರಿಗೆ ಫೈಬರ್, ವಾಸ್ತವದಲ್ಲಿ ಟವರ್ ಹಂಚಿಕೊಳ್ಳುವ ಮೊಬೈಲ್ ನೆಟ್ಟೇ. ಎರಡನೆಯದು, ಮಿತಿ 3,300 ಅಲ್ಲ, ಜಿಯೋದಲ್ಲಿ ತಿಂಗಳಿಗೆ 1,000 ಜಿಬಿ.

ಗಡಿ ದಾಟುವ ಸಿಗ್ನಲ್

ಕಾಗವಾಡದಿಂದ ಮಿರಜ್, ನಿಪ್ಪಾಣಿಯಿಂದ ಕಾಗಲ್, ಬೋರಗಾಂವದಿಂದ ಇಚಲಕರಂಜಿ. ಜನರಿಗೆ ಇವು ದಿನದ ಓಡಾಟದ ಊರುಗಳು, ಟೆಲಿಕಾಂ ಲೆಕ್ಕದಲ್ಲಿ ಬೇರೆ ಸರ್ಕಲ್. ತರಂಗಾಂತರದ ಹರಾಜು, ಪರವಾನಗಿ ಎಲ್ಲ ಸರ್ಕಲ್‌ವಾರು ನಡೆಯುತ್ತವೆ. ಒಂದೇ ಕಂಪನಿಗೆ ಕರ್ನಾಟಕದಲ್ಲಿ ಇರುವಷ್ಟೇ ತರಂಗಾಂತರ ಮಹಾರಾಷ್ಟ್ರದಲ್ಲಿ ಇರಬೇಕೆಂದಿಲ್ಲ. ಮನೆಯಲ್ಲಿ ಕೂತಿದ್ದಾಗಲೇ ಫೋನ್ ಆಚೆ ದಡದ ಟವರ್ ಹಿಡಿಯುವುದು ಗಡಿಯವರಿಗೆ ಮಾಮೂಲು.

ರೊಕ್ಕದ ಭಯ ಈಗ ಇಲ್ಲ, ದೇಶದೊಳಗಿನ ರೋಮಿಂಗ್‌ಗೆ ಸಾಮಾನ್ಯ ಪ್ಲಾನ್‌ಗಳಲ್ಲಿ ಪ್ರತ್ಯೇಕ ಶುಲ್ಕ ಹೋಗಿ ವರ್ಷಗಳಾದವು. ಆದರೆ ಕೆಲವು ಸಿಮ್, ಕೆಲವು ಹ್ಯಾಂಡ್‌ಸೆಟ್‌ಗಳಲ್ಲಿ ‘ಡೇಟಾ ರೋಮಿಂಗ್’ ಗುಂಡಿ ಆಫ್ ಇದ್ದರೆ, ಆಚೆ ಟವರ್ ಹಿಡಿದ ಕೂಡಲೇ ಕರೆ ಬರುತ್ತದೆ, ನೆಟ್ ಮಾತ್ರ ನಿಂತುಬಿಡುತ್ತದೆ. ಗಡಿ ಹಳ್ಳಿಯವರು ಆ ಗುಂಡಿ ಆನ್ ಇಟ್ಟುಕೊಳ್ಳುವುದು ಒಳಿತು. ಇಲ್ಲಾಂದ್ರೆ ನೆಟ್‌ವರ್ಕ್ ಆಯ್ಕೆಯನ್ನು ‘ಆಟೋಮ್ಯಾಟಿಕ್’ ತೆಗೆದು ಕೈಯಾರೆ ಹುಡುಕಿ, ಯಾವ ಟವರ್ ಮೇಲೆ ಪಿಂಗ್ ಕಡಿಮೆ ಎಂದು ನೋಡಬಹುದು. ನಿಪ್ಪಾಣಿ ಪಕ್ಕದ ತವಂದಿ ಘಾಟ್‌ನಂಥ ಕಡೆ ಗುಡ್ಡವೇ ಅಡ್ಡ, ಅಲ್ಲಿ ಸೆಟ್ಟಿಂಗ್ಸ್ ಏನೂ ಮಾಡಲಾರದು.

2015ರ ಜುಲೈ 3ರಿಂದ ದೇಶದ ಯಾವ ಸರ್ಕಲ್‌ಗಾದರೂ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಬದಲಿಸುವ ಮುನ್ನ ನಕ್ಷೆ ನೋಡಬೇಕು. ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮದ ಪ್ರಕಾರ ಎಲ್ಲ ಕಂಪನಿಗಳೂ 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ಪೇಟೆಯದ್ದಲ್ಲ, ತಮ್ಮ ಓಣಿ, ತಮ್ಮ ತೋಟದ ಜಾಗ ಹಿಗ್ಗಿಸಿ ನೋಡಬೇಕು.

ಜೆಸಿಬಿ, ಕಬ್ಬಿನ ಟ್ರೇಲರ್, ಹೊಳಿ

ಎಷ್ಟೇ ಒಳ್ಳೆ ಫೈಬರ್ ಇದ್ದರೂ ಕಡಿದರೆ ಮುಗೀತು. ರಸ್ತೆ ಅಗಲೀಕರಣ, ನೀರಿನ ಪೈಪ್ ಅಗೆತದಲ್ಲಿ ನೆಲದಡಿಯ ಕೇಬಲ್ ಹೋಗುತ್ತದೆ. ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್‌ಗೆ ಕಬ್ಬು ನುರಿಸುವ ಹಂಗಾಮಿನಲ್ಲಿ ಎತ್ತರಕ್ಕೆ ಪೇರಿಸಿದ ಟ್ರೇಲರ್‌ಗಳೇ ಕತ್ತರಿ. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದು ಕೇಂದ್ರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಗುತ್ತಿಗೆದಾರರು ಅದನ್ನು ತೆರೆದು ನೋಡುತ್ತಾರೆಯೇ ಎಂದು ಪಂಚಾಯಿತಿ, ಪುರಸಭೆಗಳು ಕೇಳಬೇಕು.

ಫೈಬರ್ ಪೆಟ್ಟಿಗೆ ಮೇಲೆ ‘ಎಲ್‌ಒಎಸ್’ ದೀಪ ಕೆಂಪಗೆ ಮಿಣುಕಿದರೆ ಬೆಳಕು ಪೆಟ್ಟಿಗೆಗೆ ಬರುತ್ತಿಲ್ಲ ಎಂದರ್ಥ, ಹತ್ತು ಸಲ ಆಫ್–ಆನ್ ಮಾಡಿ ಉಪಯೋಗವಿಲ್ಲ. ಆ ದೀಪ ಆರಿದ್ದು ನೆಟ್ ಇಲ್ಲದಿದ್ದರೆ ತೊಂದರೆ ಮುಂದೆಲ್ಲೋ ಇದೆ. ದೂರು ಕೊಡುವಾಗ ಈ ಒಂದು ವಾಕ್ಯ ಹೇಳಿದರೆ ಕೆಲಸ ಬೇಗ ಆಗುತ್ತದೆ. ಕರೆಂಟ್ ಹೋದಾಗ ನೆಟ್ ಹೋಗುವುದಕ್ಕೆ ರೌಟರ್‌ಗೆಂದೇ ಬರುವ ಸಣ್ಣ 12 ವೋಲ್ಟ್ ಯುಪಿಎಸ್ ಇದೆ. ಆದರೆ ಆಪರೇಟರ್ ಕಡೆಯ ಪೆಟ್ಟಿಗೆಗೂ ಬ್ಯಾಟರಿ ಇದ್ದರೆ ಮಾತ್ರ ಇದು ಫಲ ಕೊಡುತ್ತದೆ.

2019, 2021ರ ಪ್ರವಾಹ ಕಂಡ ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದವರಿಗೆ ಹೊಳಿ ಏರಿದರೆ ಮೊದಲು ಕರೆಂಟ್, ಆಮೇಲೆ ಟವರ್ ಬ್ಯಾಟರಿ, ಕೊನೆಗೆ ಸುದ್ದಿ ನಿಲ್ಲುತ್ತದೆ ಎಂಬುದು ಗೊತ್ತು. ಮಳೆಗಾಲದಲ್ಲಿ ಮನೆಯಲ್ಲಿ ಎರಡು ಬೇರೆ ಕಂಪನಿಯ ಸಿಮ್ ಇರುವುದು ಹೊಳಿಸಾಲಿನಲ್ಲಿ ದುಂದುವೆಚ್ಚ ಅಲ್ಲ.

ಅಳೆಯುವುದೂ ಒಂದು ಕಲೆ

ಫೈಬರ್ ಅಳೆಯಬೇಕೆಂದರೆ ರೌಟರ್‌ಗೆ ತಂತಿಯಿಂದ ಲ್ಯಾಪ್‌ಟಾಪ್ ಜೋಡಿಸಿ, ಅಥವಾ ಅದರ ಪಕ್ಕವೇ ನಿಂತು 5 ಗಿಗಾಹರ್ಟ್ಸ್ ವೈಫೈ ಮೇಲೆ, ಬೇರೆ ಯಾರೂ ಬಳಸದಿರುವಾಗ ಅಳೆಯಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಹೀಗೆ ಮೂರ್ನಾಲ್ಕು ದಿನ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ ಮೂರನ್ನೂ ಬರೆದಿಡಬೇಕು. ಟೆಸ್ಟ್ ಆ್ಯಪ್‌ಗಳು ಹತ್ತಿರದ ಸರ್ವರ್ ಹಿಡಿದು ಚಂದದ ಸಂಖ್ಯೆ ತೋರಿಸುತ್ತವೆ. ಮುಂಬೈ, ಬೆಂಗಳೂರು ಸರ್ವರ್ ಆಯ್ದು ನೋಡಿದರೆ ನಿಜ ಬಯಲಾಗುತ್ತದೆ. ಮೊಬೈಲ್‌ಗೆ ಟ್ರಾಯ್‌ನದ್ದೇ ‘ಮೈಸ್ಪೀಡ್’ ಆ್ಯಪ್ ಇದೆ, ಫಲಿತಾಂಶ ಟ್ರಾಯ್‌ಗೂ ಕಳಿಸುತ್ತದೆ.

ಒಂದು ಜಾಗ್ರತೆ. 300 ಎಂಬಿಪಿಎಸ್ ಸಿಗುವ ಕಡೆ ಹತ್ತು ಸೆಕೆಂಡಿನ ಡೌನ್‌ಲೋಡ್ ಪರೀಕ್ಷೆಯೇ 375 ಎಂಬಿ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯವರು ಗೆಳೆಯರಿಗೆ ತೋರಿಸಲೆಂದು ನಾಲ್ಕು ಸಲ ಒತ್ತಿದರೆ ಅಂದಿನ ಡೇಟಾ ಖತಂ.

ಜಿಲ್ಲೆ ಎಂಬ ಅಳತೆಗೋಲು

ಈ ಭಾಗಕ್ಕೆ ನೇರವಾಗಿ ತಟ್ಟುವ ವಿಷಯ ಟ್ರಾಯ್ ನಿಯಮದೊಳಗೇ ಅಡಗಿದೆ. 2024ರ ಅಕ್ಟೋಬರ್ 1ರಿಂದ ಜಾರಿಯಾದ ಹೊಸ ನಿಯಮ ಮೊದಲ ಬಾರಿಗೆ ನೆಟ್‌ವರ್ಕ್ ಸ್ಥಗಿತಕ್ಕೆ ಪರಿಹಾರ ಹೇಳಿತು. ಒಂದು ಜಿಲ್ಲೆಯಲ್ಲಿ ಸೇವೆ ನಾಲ್ಕು ಗಂಟೆ ಮೀರಿ ನಿಂತರೆ ಕಂಪನಿ ಟ್ರಾಯ್‌ಗೆ ವರದಿ ಮಾಡಬೇಕು. 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಇದು 2025ರ ಏಪ್ರಿಲ್ 1ರಿಂದ. ನೈಸರ್ಗಿಕ ವಿಕೋಪಕ್ಕೆ ವಿನಾಯಿತಿ ಇದೆ.

ಕೇಳಲು ಚಂದ. ಆದರೆ ಅಳತೆಗೋಲು ‘ಜಿಲ್ಲೆ’. ಬೆಳಗಾವಿ ಅಂದ್ರೆ 18 ವಿಧಾನಸಭಾ ಕ್ಷೇತ್ರ, 13 ಸಾವಿರ ಚದರ ಕಿಲೋಮೀಟರ್ ಮೀರಿದ ವಿಸ್ತಾರ, 2011ರ ಜನಗಣತಿಯಲ್ಲೇ 47 ಲಕ್ಷ ದಾಟಿದ ಜನ. ಅಥಣಿ ತಾಲ್ಲೂಕಿನಲ್ಲಿ ಎರಡು ದಿನ ಒಂದು ಕಂಪನಿಯ ನೆಟ್ ಸತ್ತು ಬಿದ್ದರೂ, ಬೆಳಗಾವಿ ನಗರ, ಖಾನಾಪುರ, ಬೈಲಹೊಂಗಲದಲ್ಲಿ ಓಡುತ್ತಿದ್ದರೆ ‘ಜಿಲ್ಲೆ’ ಸ್ಥಗಿತವಾದಂತಲ್ಲ. ಪುಟ್ಟ ಜಿಲ್ಲೆಯ ಗ್ರಾಹಕನಿಗೆ ಸಿಗುವ ಪರಿಹಾರ, ಅಷ್ಟೇ ಜನಸಂಖ್ಯೆಯ ಐದು ಗಡಿ ತಾಲ್ಲೂಕಿನವರಿಗೆ ಸಿಗದು. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಚಿಕ್ಕೋಡಿ ಜಿಲ್ಲೆ ಘೋಷಿಸಿ ಹಿಂತೆಗೆದುಕೊಂಡ ನಂತರ ಶಾಲೆಗೆ ಮಾತ್ರ ಚಿಕ್ಕೋಡಿ ‘ಶೈಕ್ಷಣಿಕ ಜಿಲ್ಲೆ’. ಆ ಬೇಡಿಕೆಯ ಪಟ್ಟಿಗೆ ಮೊಬೈಲ್ ವ್ಯಾಲಿಡಿಟಿಯೂ ಸೇರೀತೆಂದು ಯಾರೂ ಎಣಿಸಿರಲಿಕ್ಕಿಲ್ಲ! ಗುಣಮಟ್ಟದ ಅಂಕಿಅಂಶಗಳದ್ದೂ ಇದೇ ಹಾಡು. ಇಡೀ ಕರ್ನಾಟಕ ಸರ್ಕಲ್‌ನ ಸರಾಸರಿ ತೆಗೆದಾಗ ಬೆಂಗಳೂರಿನ ವೇಗ ಗಡಿ ಹಳ್ಳಿಯ ನಿಧಾನವನ್ನು ಮುಚ್ಚಿಹಾಕುತ್ತದೆ.

ಟ್ರಾಯ್ ನಿಯಮ ತಿದ್ದಲು ಕರಡು ಪ್ರಕಟಿಸಿ ಅಭಿಪ್ರಾಯ ಕೇಳುವುದು ವಾಡಿಕೆ. ತಾಲ್ಲೂಕನ್ನೇ ಅಳತೆಯಾಗಿ ಇಡಿ ಎಂದು ಬರೆಯಲು ವ್ಯಾಪಾರಿ ಸಂಘಗಳಿಗೆ, ಚಿಕ್ಕೋಡಿ ಸಂಸದರ ಕಚೇರಿಗೆ ಅಡ್ಡಿಯೇನಿಲ್ಲ.

ತಂತಿ ಸಂಪರ್ಕದವರ ಸ್ಥಿತಿ ಸ್ವಲ್ಪ ಮೇಲು. ಅಲ್ಲಿ ಜಿಲ್ಲೆಯ ಗೊಡವೆ ಇಲ್ಲ, ದೂರು ಕೊಟ್ಟ ದೋಷ 3 ದಿನ ಮೀರಿದರೂ ಸರಿಯಾಗದಿದ್ದರೆ ಪರಿಹಾರಕ್ಕೆ ಹಕ್ಕಿದೆ. ಆದರೆ ಆ ಮೂರು ದಿನ ಶುರುವಾಗುವುದು ದೂರು ದಾಖಲಾದ ಗಳಿಗೆಯಿಂದ. ಕೇಬಲ್ ಹುಡುಗನಿಗೆ ವಾಟ್ಸ್‌ಆ್ಯಪ್ ಮಾಡಿದ್ದು ದೂರಲ್ಲ. ಕಂಪನಿಯ ಗ್ರಾಹಕ ಕೇಂದ್ರಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆ ಪಡೆಯಬೇಕು. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್ ಬಿಡಿ ದೂರುಗಳನ್ನು ತಾನು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಟೆಲಿಕಾಂ ವ್ಯಾಜ್ಯ ಗ್ರಾಹಕ ಆಯೋಗದ ಮುಂದೆ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 16ರಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 5 ಲಕ್ಷ ರೂಪಾಯಿವರೆಗೆ ಪಾವತಿಸಿದ ಸೇವೆಯ ದೂರಿಗೆ ಶುಲ್ಕವಿಲ್ಲ, ಅರ್ಜಿಯನ್ನು ಆನ್‌ಲೈನ್‌ನಲ್ಲೂ ಹಾಕಬಹುದು. ಅಲ್ಲಿ ಕೇಳುವ ಮೊದಲ ಕಾಗದ ಡಾಕೆಟ್ ಸಂಖ್ಯೆಯ ಮೆಸೇಜು, ಎರಡನೆಯದು ಬಿಲ್ಲು, ಮೂರನೆಯದು ದಿನಾಂಕ–ಹೊತ್ತು ಕಾಣುವ ಆ ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟು.